ಪೋಲರೈಸಿಂಗ್ ಫಿಲ್ಟರ್: ನೀರು, ಎಲೆ, ಆಕಾಶದ ಫೋಟೊ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಲೆನ್ಸ್ ಮುಂದೆ ಹಾಕುವ ಹಳೆಯ ಫಿಲ್ಟರ್‌ಗಳಲ್ಲಿ ಬಹುಪಾಲಿನ ಕೆಲಸವನ್ನು ಈಗ ಕಂಪ್ಯೂಟರ್‌ನಲ್ಲೇ ಮಾಡಿ ಮುಗಿಸಬಹುದು. ಪೋಲರೈಸರ್ ಮಾತ್ರ ಇನ್ನೂ ಬ್ಯಾಗ್‌ನಲ್ಲಿ ಉಳಿದುಕೊಂಡಿದೆ. ಅದು ಯಾಕೆ, ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ತೆಗೆದಿಡಬೇಕು ಅನ್ನುವುದರ ಸುತ್ತಲೇ ಹೆಚ್ಚಿನ ಪ್ರಶ್ನೆಗಳು ಬರುತ್ತವೆ.

ಈ ಫಿಲ್ಟರ್ ನಿಜಕ್ಕೂ ಏನು ಮಾಡುತ್ತದೆ?

ಸೂರ್ಯನಿಂದ ನೇರವಾಗಿ ಬರುವ ಬೆಳಕಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತಿರುತ್ತವೆ. ಅದೇ ಬೆಳಕು ನೀರು, ಗಾಜು, ಎಲೆ, ಒದ್ದೆ ಬಂಡೆ ಇಂಥವುಗಳ ಮೇಲೆ ಓರೆಯಾಗಿ ಬಿದ್ದು ಚಿಮ್ಮಿದಾಗ ಅದರಲ್ಲಿ ಒಂದು ದಿಕ್ಕಿನ ಕಂಪನವೇ ಜಾಸ್ತಿ ಇರುತ್ತದೆ. ಇದಕ್ಕೆ ಧ್ರುವೀಕರಣ ಅನ್ನುತ್ತಾರೆ. ಫಿಲ್ಟರ್ ಒಂದು ದಿಕ್ಕಿನ ಕಂಪನವನ್ನು ಒಳಗೆ ಬಿಟ್ಟು, ಅದಕ್ಕೆ ಅಡ್ಡವಾಗಿರುವುದನ್ನು ತಡೆಯುತ್ತದೆ. ಫಿಲ್ಟರ್‌ನ ಮುಂಭಾಗದ ರಿಂಗ್ ಸುತ್ತುವಂಥದ್ದು. ನೀವು ಅದನ್ನು ತಿರುಗಿಸಿ ಆ ತಡೆಯುವ ದಿಕ್ಕನ್ನು ಹೊಳಪಿನ ದಿಕ್ಕಿಗೆ ಸರಿಹೊಂದಿಸಿದರೆ ಹೊಳಪು ಮಾಯವಾಗುತ್ತದೆ. ಅದರ ಅಡಿಯಲ್ಲಿ ಇದ್ದದ್ದು ಕಾಣುತ್ತದೆ.

ಫ್ರಾನ್ಸಿನ ಭೌತವಿಜ್ಞಾನಿ ಮಾಲುಸ್ 1808ರಲ್ಲಿ ಪ್ಯಾರಿಸ್‌ನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಿಂದ ಚಿಮ್ಮುತ್ತಿದ್ದ ಬಿಸಿಲನ್ನು ಒಂದು ಹರಳಿನ ಮೂಲಕ ನೋಡುತ್ತ, ಹರಳು ತಿರುಗಿಸಿದಂತೆ ಹೊಳಪು ಹೆಚ್ಚು ಕಮ್ಮಿ ಆಗುವುದನ್ನು ಗಮನಿಸಿದ. ನಾವು ಲೆನ್ಸ್ ಮುಂದೆ ಮಾಡುವುದೂ ಅದನ್ನೇ. ಹರಳಿನ ಬದಲು ತೆಳುವಾದ ಹಾಳೆ ಬಂದಿದೆ, ಅಷ್ಟೇ. ಆ ಹಾಳೆಗೆ ದಾರಿ ಮಾಡಿಕೊಟ್ಟವನು ಅಮೆರಿಕದ ಎಡ್ವಿನ್ ಲ್ಯಾಂಡ್. 1929ರಲ್ಲಿ ಅವನು ಪೇಟೆಂಟ್‌ಗೆ ಅರ್ಜಿ ಹಾಕಿದ. ಮುಂದೆ ಪೋಲರಾಯ್ಡ್ ಕಂಪನಿ ಕಟ್ಟಿದವನೂ ಅವನೇ.

ನೀರಿನ ಮೇಲಿನ ಹೊಳಪು ಕೆಲವೊಮ್ಮೆ ಪೂರ್ತಿ ಹೋಗುತ್ತದೆ, ಕೆಲವೊಮ್ಮೆ ಜಪ್ಪಯ್ಯ ಅಂದರೂ ಹೋಗುವುದಿಲ್ಲ. ಯಾಕೆ?

ಕೋನ. ಫಿಲ್ಟರ್ ಎಷ್ಟು ದುಬಾರಿಯದಾದರೂ ನಿಂತ ಜಾಗ ಸರಿ ಇಲ್ಲದಿದ್ದರೆ ಏನೂ ಪ್ರಯೋಜನ ಇಲ್ಲ.

ಸ್ಕಾಟ್ಲೆಂಡಿನ ವಿಜ್ಞಾನಿ ಬ್ರೂಸ್ಟರ್ 1815ರಲ್ಲಿ ಇದರ ಲೆಕ್ಕ ಕೊಟ್ಟ. ಪ್ರತಿ ವಸ್ತುವಿಗೂ ಒಂದು ಕೋನ ಇದೆ. ಆ ಕೋನದಲ್ಲಿ ಚಿಮ್ಮುವ ಬೆಳಕು ಪೂರ್ತಿಯಾಗಿ ಒಂದೇ ದಿಕ್ಕಿನದು. ನೀರಿಗೆ ಅದು ಲಂಬದಿಂದ ಸುಮಾರು 53 ಡಿಗ್ರಿ. ಅಂದರೆ ನೀರಿನ ಮೇಲ್ಮೈಯಿಂದ ಅಳೆದರೆ 37 ಡಿಗ್ರಿ. ಗಾಜಿಗೆ ಲಂಬದಿಂದ ಸುಮಾರು 56.

ದಡದಲ್ಲಿ ನಿಂತಾಗ ಇದರ ಅರ್ಥ ಇಷ್ಟು: ಕ್ಯಾಮೆರಾ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ, ಸುಮಾರು ಎರಡು ಮೀಟರ್ ದೂರದ ನೀರು ಅತಿ ಚೆನ್ನಾಗಿ ತಿಳಿಯಾಗುತ್ತದೆ. ಅದರ ಆಚೆ ಈಚೆಗೂ ಒಂದಷ್ಟು ದೂರ ಪರಿಣಾಮ ಇರುತ್ತದೆ. ಆದರೆ ಇಪ್ಪತ್ತು ಮೀಟರ್ ಆಚೆಯ ನೀರನ್ನು ನೀವು ತೀರಾ ಓರೆಯಾಗಿ ನೋಡುತ್ತಿರುತ್ತೀರಿ, ಅಲ್ಲಿನ ಹೊಳಪು ಹಾಗೇ ಉಳಿಯುತ್ತದೆ. ಸೇತುವೆ ಮೇಲಿಂದ ನೇರ ಕೆಳಗೆ ನೋಡಿದರೂ ಫಿಲ್ಟರ್ ಕೆಲಸ ಮಾಡುವುದಿಲ್ಲ. ನೇರ ನೋಟದಲ್ಲಿ ನೀರು ಚಿಮ್ಮಿಸುವ ಬೆಳಕೇ ನೂರಕ್ಕೆ 2ರಷ್ಟು, ಆದರೆ ಅದು ಧ್ರುವೀಕರಣ ಆಗಿರುವುದಿಲ್ಲ.

ಹಾಗಾಗಿ ಮೀನು, ತಳದ ಕಲ್ಲು, ನೀರಿನೊಳಗಿನ ಗಿಡ ತೆಗೆಯಬೇಕಾದರೆ ರಿಂಗ್ ತಿರುಗಿಸುವುದಕ್ಕಿಂತ ಮೊದಲು ನಿಮ್ಮ ಎತ್ತರ ಬದಲಿಸಿ ನೋಡಿ. ಹತ್ತಿರದ ನೀರಿಗೆ ಕುಕ್ಕರಗಾಲಲ್ಲಿ ಕೂರಬೇಕು, ದೂರದ್ದಕ್ಕೆ ಎತ್ತರದ ಜಾಗ ಹುಡುಕಬೇಕು. ಇನ್ನೊಂದು ಉಪಾಯ ಫಿಲ್ಟರ್‌ಗೆ ಸಂಬಂಧವೇ ಇಲ್ಲದ್ದು: ನೀರಿನಲ್ಲಿ ಬಿಳಿ ಆಕಾಶದ ಬದಲು ಕಪ್ಪು ದಡವೋ ಮರದ ನೆರಳೋ ಪ್ರತಿಫಲಿಸುವಂತೆ ನಿಲ್ಲುವುದು. ಅರ್ಧ ಹೊಳಪು ಅಲ್ಲೇ ಹೋಗಿರುತ್ತದೆ.

ರಿಂಗ್ ಎಷ್ಟು ತಿರುಗಿಸಬೇಕು ಅಂತ ಗೊತ್ತಾಗುವುದು ಹೇಗೆ?

ಕಣ್ಣಿಂದ. ಬೇರೆ ದಾರಿ ಇಲ್ಲ. ಕೆಲವು ಫಿಲ್ಟರ್‌ಗಳ ಮೇಲೆ ಚುಕ್ಕೆಯೋ ಗೆರೆಯೋ ಇರುತ್ತದೆ. ಅದು ಒಂದು ಅಂದಾಜು ಮಾತ್ರ.

ಒಂದು ಹೊಂಡದ ಅಂಚಿನಲ್ಲಿ ನಿಂತು ನಿಧಾನ ತಿರುಗಿಸಿ ನೋಡಿ. ಮೊದಲು ಕಾಣುವುದು ಆಕಾಶದ ಬಿಳಿ ಹಾಳೆ, ಅದರ ಮೇಲೆ ತಲೆಕೆಳಗಾದ ಕೊಂಬೆಗಳು. ರಿಂಗ್ ತಿರುಗಿದಂತೆ ಆ ಬಿಳುಪು ತೆಳುವಾಗುತ್ತ ಬರುತ್ತದೆ. ದಡದ ಹತ್ತಿರದ ಕಲ್ಲಿನ ಅಂಚು ಮೊದಲು ಕಾಣುತ್ತದೆ, ಆಮೇಲೆ ಕಲ್ಲಿಗೆ ಅಂಟಿದ ಪಾಚಿ, ಆಮೇಲೆ ತಳದ ಮರಳಿನ ಮೇಲೆ ಓಡಾಡುವ ಮೀನಿನ ನೆರಳು. ಮೀನಿಗಿಂತ ಮೊದಲು ಅದರ ನೆರಳೇ ಕಣ್ಣಿಗೆ ಬೀಳುವುದು. ಇನ್ನೂ ಸ್ವಲ್ಪ ತಿರುಗಿಸಿದರೆ ಬಿಳಿ ಹಾಳೆ ಮತ್ತೆ ಮೆಲ್ಲಗೆ ಹರಡುತ್ತದೆ. ಅಂದರೆ ಸರಿಯಾದ ಜಾಗ ದಾಟಿತು. ಅದೇ ದಿಕ್ಕಿಗೆ ತಿರುಗಿಸುತ್ತ ಹೋದರೆ ಅದು ಮತ್ತೆ ಸಿಗುತ್ತದೆ. ಒಂದು ಪೂರ್ತಿ ಸುತ್ತಿನಲ್ಲಿ ಈ ಜಾಗ ಎರಡು ಸಲ ಸಿಗುತ್ತದೆ, 180 ಡಿಗ್ರಿ ಅಂತರದಲ್ಲಿ.

ಎರಡು ಸಣ್ಣ ವಿಷಯ. ಕ್ಯಾಮೆರಾವನ್ನು ಅಡ್ಡದಿಂದ ಉದ್ದಕ್ಕೆ ಹಿಡಿದರೆ ಫಿಲ್ಟರನ್ನೂ ಮತ್ತೆ ತಿರುಗಿಸಬೇಕು. ಇದನ್ನು ಮರೆಯುವವರೇ ಜಾಸ್ತಿ. ಎರಡನೆಯದು, ರಿಂಗನ್ನು ಯಾವಾಗಲೂ ಫಿಲ್ಟರ್ ಬಿಗಿಯಾಗುವ ದಿಕ್ಕಿಗೇ ತಿರುಗಿಸಿ. ಉಲ್ಟಾ ತಿರುಗಿಸುತ್ತ ಹೋದರೆ ಫಿಲ್ಟರ್ ಸಡಿಲವಾಗಿ, ನೀರಿನ ಪಕ್ಕ ನಿಂತಿದ್ದರೆ ನೇರ ನೀರಿಗೇ ಬೀಳುತ್ತದೆ.

ಯಾವಾಗಲೂ ಪೂರ್ತಿ ಹೊಳಪು ತೆಗೆಯುವುದೇ ಒಳ್ಳೆಯದಲ್ವಾ?

ಅಲ್ಲ. ಹೊಸದಾಗಿ ಫಿಲ್ಟರ್ ಕೊಂಡವರು ಎಲ್ಲ ಫೋಟೊದಲ್ಲೂ ಕೊನೆವರೆಗೆ ತಿರುಗಿಸಿಬಿಡುತ್ತಾರೆ. ಹಾಗೆ ಮಾಡಿದರೆ ನೀರು ನೀರಿನ ಹಾಗೆ ಕಾಣುವುದೇ ಇಲ್ಲ. ಹೊಳಪೆಲ್ಲ ಹೋದ ತೊರೆ ಬರೀ ಕಂದು ಬಣ್ಣದ ಗುಂಡಿಯಾಗುತ್ತದೆ. ಒದ್ದೆ ಬಂಡೆ ಒಣಗಿದಂತೆ ಕಾಣುತ್ತದೆ.

ನಾನಂತೂ ಪೋಲರೈಸರನ್ನು ಹೊಳಪು ತೆಗೆಯುವ ಸಾಧನ ಅಂತ ನೋಡುವುದಿಲ್ಲ. ಯಾವ ಹೊಳಪು ಇರಬೇಕು, ಯಾವುದು ಬೇಡ ಅಂತ ಆರಿಸುವ ಸಾಧನ ಅದು. ಮುಂದಿನ ಕಲ್ಲುಗಳು ಕಾಣುವಷ್ಟು ತಿರುಗಿಸಿ, ಹಿಂದೆ ನೀರಿನಲ್ಲಿ ಬಿದ್ದ ಬೆಟ್ಟದ ಪ್ರತಿಬಿಂಬ ಉಳಿಯುವಷ್ಟರಲ್ಲಿ ನಿಲ್ಲಿಸಿದರೆ ಒಂದೇ ಫೋಟೊದಲ್ಲಿ ನೀರಿನ ಒಳಗೂ ಮೇಲೂ ಎರಡೂ ಸಿಗುತ್ತವೆ. ಅನುಮಾನ ಇದ್ದರೆ ಮೂರು ಫೋಟೊ ತೆಗೆಯಿರಿ: ಪೂರ್ತಿ, ಅರ್ಧ, ಏನೂ ಇಲ್ಲದ್ದು. ಮನೆಗೆ ಬಂದು ನೋಡಿದಾಗ ಅರ್ಧದ್ದೇ ಗೆಲ್ಲುವುದು ಹೆಚ್ಚು.

ಸಂಜೆಯ ಮಾತು ಇನ್ನೂ ಬೇರೆ. ನೀರಿನ ಮೇಲೆ ಬಿದ್ದ ಕಿತ್ತಳೆ ಬಣ್ಣವೂ ಪ್ರತಿಫಲನವೇ. ಅದನ್ನು ತೆಗೆಯಲು ಬಂದವರಲ್ಲ ತಾನೇ ನೀವು? ಸೂರ್ಯನ ಕಡೆಗೇ ತಿರುಗಿ ತೆಗೆಯುವುದಾದರೆ ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ.

ಆಕಾಶ ಗಾಢ ನೀಲಿಯಾಗುವುದು ಹೇಗೆ? ನನಗೆ ಮಾತ್ರ ಆಗುತ್ತಿಲ್ಲ.

ನೀಲಿ ಆಕಾಶದ ಬೆಳಕು ಅಂದರೆ ಗಾಳಿಯ ಅಣುಗಳಿಂದ ಚದುರಿದ ಬಿಸಿಲು. ಆ ಬೆಳಕೂ ಧ್ರುವೀಕರಣ ಆಗಿರುತ್ತದೆ, ಆದರೆ ಎಲ್ಲ ಕಡೆ ಒಂದೇ ಸಮ ಅಲ್ಲ. ಸೂರ್ಯನಿಂದ 90 ಡಿಗ್ರಿ ದೂರದಲ್ಲಿ ಅತಿ ಹೆಚ್ಚು. ಸೂರ್ಯನ ಹತ್ತಿರ ಮತ್ತು ಸೂರ್ಯನಿಗೆ ನೇರ ಎದುರು ದಿಕ್ಕಿನಲ್ಲಿ ಇಲ್ಲವೇ ಇಲ್ಲ ಅನ್ನಬಹುದು.

ಇದಕ್ಕೊಂದು ಕೈಲೆಕ್ಕ ಇದೆ. ತೋರುಬೆರಳನ್ನು ಸೂರ್ಯನ ಕಡೆ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ನಿಲ್ಲಿಸಿ. ತೋರುಬೆರಳು ಅಲುಗದಂತೆ ಮಣಿಕಟ್ಟು ತಿರುಗಿಸಿದರೆ ಹೆಬ್ಬೆರಳು ಎಲ್ಲೆಲ್ಲಿ ತೋರಿಸುತ್ತದೋ ಆ ಪಟ್ಟಿಯೇ ಫಿಲ್ಟರ್‌ಗೆ ಒಗ್ಗುವ ಆಕಾಶ. ಬೆಳಗ್ಗೆ, ಸಂಜೆ ಈ ಪಟ್ಟಿ ಒಂದು ದಿಗಂತದಿಂದ ಎದ್ದು ನೆತ್ತಿಯ ಮೇಲೆ ಹಾಯ್ದು ಇನ್ನೊಂದು ದಿಗಂತಕ್ಕೆ ಇಳಿಯುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ದಿಗಂತದ ಸುತ್ತಲೂ ಇರುತ್ತದೆ. ನಿಮಗೆ ಆಗುತ್ತಿಲ್ಲ ಅಂದರೆ ಬಿಸಿಲಿಗೆ ಬೆನ್ನು ಮಾಡಿ ನಿಂತು ತೆಗೆಯುತ್ತಿರಬಹುದು. ಉಳಿದ ಎಲ್ಲಕ್ಕೂ ಒಳ್ಳೆಯ ಜಾಗವಾದ ಅದು, ಈ ಫಿಲ್ಟರ್‌ಗೆ ಮಾತ್ರ ಕೆಟ್ಟ ಜಾಗ.

ಮೋಡ ಪೂರ್ತಿ ಮುಚ್ಚಿದ್ದರೆ ಆಕಾಶದಲ್ಲಿ ಏನೂ ಬದಲಾಗುವುದಿಲ್ಲ. ನೀಲಿಯ ನಡುವೆ ಬಿಳಿ ಮೋಡ ಇದ್ದರೆ ನೀಲಿ ಕಪ್ಪಾಗಿ ಮೋಡ ಎದ್ದು ಕಾಣುತ್ತದೆ. ಎತ್ತರದ ಬೆಟ್ಟಗಳ ಮೇಲೆ ಹುಷಾರು. ಅಲ್ಲಿ ಆಕಾಶ ಮೊದಲೇ ಗಾಢ. ಪೂರ್ತಿ ತಿರುಗಿಸಿದರೆ ಹೆಚ್ಚುಕಮ್ಮಿ ಕಪ್ಪೇ ಆಗಿಬಿಡುತ್ತದೆ.

ವೈಡ್ ಲೆನ್ಸ್‌ನಲ್ಲಿ ಆಕಾಶದ ಮಧ್ಯೆ ಕಪ್ಪು ಪಟ್ಟೆ ಬರುತ್ತದಲ್ಲ?

ಮೇಲೆ ಹೇಳಿದ ಆ ಪಟ್ಟಿಯೇ ಅದು. ಲೆನ್ಸ್ ನೋಡುವ ಹರಹು ಜಾಸ್ತಿಯಾದಷ್ಟೂ ಪಟ್ಟಿಯ ಜೊತೆಗೆ ಅದರ ಆಚೀಚೆಯ ತಿಳಿ ಆಕಾಶವೂ ಫ್ರೇಮ್‌ನೊಳಗೆ ಬರುತ್ತದೆ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಕ್ಯಾಮೆರಾದಲ್ಲಿ ಸುಮಾರು 24 ಮಿಲಿಮೀಟರ್‌ಗಿಂತ ಕಮ್ಮಿ ಫೋಕಲ್ ಲೆಂತ್‌ನ, ಅಂದರೆ ಇನ್ನೂ ಅಗಲ ನೋಡುವ ಲೆನ್ಸ್ ಹಾಕಿದರೆ ಇದು ಎದ್ದು ಕಾಣುತ್ತದೆ. ಸರಿಪಡಿಸಲು ಕೂತರೆ ತಲೆನೋವು. ಫ್ರೇಮ್‌ನಲ್ಲಿ ಆಕಾಶ ಕಮ್ಮಿ ಇಟ್ಟುಕೊಳ್ಳಿ, ಇಲ್ಲವೇ ಅರ್ಧ ಮಾತ್ರ ತಿರುಗಿಸಿ. ಪನೋರಮಾ ಜೋಡಿಸುವುದಿದ್ದರೆ ಫಿಲ್ಟರ್ ಹಾಕಲೇಬೇಡಿ. ಪ್ರತಿ ತುಂಡಿನಲ್ಲೂ ಆಕಾಶ ಬೇರೆ ಬೇರೆ ನೀಲಿಯಾಗಿ ಜೋಡಣೆ ತೇಪೆ ಹಾಕಿದಂತೆ ಕಾಣುತ್ತದೆ.

ಸಮುದ್ರ ನೀಲಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಅಂತಾರೆ. ಹಾಗಾದರೆ ಪ್ರತಿಬಿಂಬ ತೆಗೆದರೆ ನೀಲಿಯೂ ಹೋಗಬೇಕಲ್ವಾ?

ಒಳ್ಳೆಯ ಪ್ರಶ್ನೆ. ಇದನ್ನೇ ಹಡಗಿನ ಮೇಲೆ ನಿಂತು ಪರೀಕ್ಷಿಸಿದವರು ಸಿ.ವಿ. ರಾಮನ್. 1921ರಲ್ಲಿ ಇಂಗ್ಲೆಂಡಿನಿಂದ ವಾಪಸ್ ಬರುವಾಗ ಎಸ್.ಎಸ್. ನರ್ಕುಂಡ ಹಡಗಿನಿಂದ ಅವರು ಸಮುದ್ರವನ್ನು ನಿಕಾಲ್ ಪ್ರಿಸಮ್ ಮೂಲಕ ನೋಡಿದರು. ನಿಕಾಲ್ ಪ್ರಿಸಮ್ ಅಂದರೆ ಆ ಕಾಲದ ಪೋಲರೈಸರ್. ನೀರಿನ ಮೇಲೆ ಬಿದ್ದ ಆಕಾಶದ ಹೊಳಪನ್ನು ಅದರಿಂದ ತಡೆದಾಗ ನೀಲಿ ಹೋಗಲಿಲ್ಲ. ಇನ್ನೂ ಗಾಢವಾಗಿ ಕಂಡಿತು. ಸಮುದ್ರದ ನೀಲಿ ಬರೀ ಆಕಾಶದ ಎರವಲಲ್ಲ, ನೀರೇ ಬೆಳಕನ್ನು ಚದುರಿಸುತ್ತದೆ ಅಂತ ಅವರು ತೋರಿಸಿದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೂ ಈ ನೀಲಿಗೆ ದೊಡ್ಡ ಕಾರಣ. ಬೆಳಕು ಚದುರುವುದರ ಬೆನ್ನು ಹತ್ತಿದ ಆ ಕೆಲಸವೇ ಅವರನ್ನು 1930ರ ನೊಬೆಲ್‌ವರೆಗೆ ಕರೆದೊಯ್ದಿತು.

ಕಡಲ ತೀರದಲ್ಲಿ ನೀವೂ ಅದೇ ಪ್ರಯೋಗ ಮಾಡಬಹುದು. ಸ್ವಲ್ಪ ಎತ್ತರದಿಂದ, 37 ಡಿಗ್ರಿಯ ಆಸುಪಾಸಿನಲ್ಲಿ ನೀರನ್ನು ನೋಡುತ್ತ ತಿರುಗಿಸಿ. ಬೂದುಬಣ್ಣದ ಪೊರೆ ಕಳಚಿ ಆಳದ ನೀಲಿ, ತೆಳುನೀರಿನ ಹಸಿರು ಬೇರೆ ಬೇರೆಯಾಗಿ ಕಾಣುತ್ತವೆ.

ಜಲಪಾತ, ತೊರೆಗೆ ಇದು ಎಷ್ಟು ಉಪಯೋಗ?

ಬಹಳ. ಒಂದು ಕೆಲಸ ನಿಮಗೆ ಗೊತ್ತೇ ಇದೆ, ಒದ್ದೆ ಬಂಡೆಯ ಬಿಳಿ ಮಿನುಗು ಹೋಗಿ ಅದರ ನಿಜವಾದ ಬಣ್ಣ ಬರುತ್ತದೆ. ಎರಡನೆಯದು ಉಚಿತವಾಗಿ ಸಿಗುವಂಥದ್ದು. ಫಿಲ್ಟರ್ ಬೆಳಕು ತಿನ್ನುವುದರಿಂದ ಶಟರ್ ನಿಧಾನವಾಗುತ್ತದೆ. ಬೆಳಕು ಅರ್ಧಕ್ಕೆ ಇಳಿದರೆ ಅದನ್ನು ಒಂದು ಸ್ಟಾಪ್ ಅನ್ನುತ್ತಾರೆ. 1/30 ಸೆಕೆಂಡ್ ಇದ್ದದ್ದು ಎರಡು ಸ್ಟಾಪ್ ಇಳಿದರೆ 1/8 ಆಗುತ್ತದೆ. ನೀರು ಹತ್ತಿಯಂತೆ ಮೆತ್ತಗೆ ಬರಲು ಶುರುವಾಗುತ್ತದೆ. ಟ್ರೈಪಾಡ್ ಬೇಕು.

ಫೋಕಸ್ ಅನ್ನು ಫಿಲ್ಟರ್ ತಿರುಗಿಸಿದ ಮೇಲೆಯೇ ಮಾಡಿ. ನೀರಿನಲ್ಲಿ ಕಾಣುವ ಮರದ ಪ್ರತಿಬಿಂಬ ಲೆನ್ಸ್‌ನ ಲೆಕ್ಕದಲ್ಲಿ ನೀರಿನ ಮೇಲ್ಮೈಯಲ್ಲಿ ಇರುವುದಿಲ್ಲ. ಆ ಮರ ಎಷ್ಟು ದೂರದಲ್ಲಿದೆಯೋ ಅಷ್ಟು ದೂರದಲ್ಲಿರುತ್ತದೆ. ಹೊಳಪು ಇರುವಾಗ ಆಟೊಫೋಕಸ್ ಪ್ರತಿಬಿಂಬಕ್ಕೆ ಅಂಟಿಕೊಂಡರೆ ತಳದ ಕಲ್ಲು ಮಸುಕು. ಹೊಳಪು ಹೋದ ಮೇಲೆ ಅದಕ್ಕೆ ಹಿಡಿಯಲು ಕಲ್ಲು ಬಿಟ್ಟರೆ ಬೇರೇನೂ ಇರುವುದಿಲ್ಲ.

ಜಲಪಾತದ ಹತ್ತಿರ ತುಂತುರು ಹಾರಿ ಫಿಲ್ಟರ್ ಮೇಲೆ ಕೂರುತ್ತದೆ. ಒಣಬಟ್ಟೆ ಜೇಬಿನಲ್ಲೇ ಇರಲಿ.

ಬಿಸಿಲೇ ಇಲ್ಲದ ದಿನ ಇದನ್ನು ಹಾಕಿ ಏನು ಲಾಭ?

ನನ್ನ ಪ್ರಕಾರ ಈ ಫಿಲ್ಟರ್‌ನ ಅತ್ಯುತ್ತಮ ದಿನ ಮಳೆ ನಿಂತ ಮೇಲಿನ ಮೋಡದ ದಿನವೇ. ನೀಲಿ ಆಕಾಶದ ಫೋಟೊ ತೋರಿಸಿ ಇದನ್ನು ಮಾರುತ್ತಾರೆ, ಆದರೆ ಎಲೆಗಳಿಗೆ ಅದು ಮಾಡುವ ಉಪಕಾರದ ಮುಂದೆ ಆಕಾಶ ಏನೂ ಅಲ್ಲ.

ಒಂದು ಒದ್ದೆ ಎಲೆಯನ್ನು ಹತ್ತಿರದಿಂದ ನೋಡಿ. ಮೇಲ್ಮೈ ತುಂಬ ಬೆಳ್ಳಗಿನ ಆಕಾಶ ಮೆತ್ತಿಕೊಂಡಿರುತ್ತದೆ. ನಡುನರದ ಒಂದು ಬದಿ ಹಸಿರು, ಇನ್ನೊಂದು ಬದಿ ಬಿಳಿಚು. ಫಿಲ್ಟರ್ ತಿರುಗಿಸಿದಾಗ ಆ ಬಿಳಿಚು ಬದಿಯಲ್ಲೂ ನರಗಳು ಮೂಡುತ್ತವೆ, ಅಂಚಿನಲ್ಲಿ ಹುಳ ತಿಂದ ತೂತೂ ಕಾಣುತ್ತದೆ. ಕಾಡು ಅಂದರೆ ಇಂಥ ಲಕ್ಷಾಂತರ ಎಲೆ. ಎಲ್ಲದರ ಬಿಳುಪು ಒಟ್ಟಿಗೆ ಇಳಿದಾಗ ಇಡೀ ಫ್ರೇಮ್ ಹಸಿರಾಗುತ್ತದೆ. ಎಲೆಗಳು ಬೇರೆ ಬೇರೆ ಕೋನದಲ್ಲಿ ಇರುವುದರಿಂದ ಕೆಲವು ಹೊಳೆಯುತ್ತಲೇ ಇರುತ್ತವೆ. ಇರಲಿ ಬಿಡಿ, ಅಷ್ಟು ಜೀವ ಬೇಕು.

ಎಷ್ಟು ಬೆಳಕು ಕಡಿಮೆಯಾಗುತ್ತದೆ?

ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸ್ಟಾಪ್. ಈಗಿನ ಕೆಲವು ಒಳ್ಳೆಯ ಫಿಲ್ಟರ್‌ಗಳಲ್ಲಿ ಸುಮಾರು ಒಂದು. ಕ್ಯಾಮೆರಾದ ಮೀಟರ್ ಲೆನ್ಸ್ ಮೂಲಕವೇ ಅಳೆಯುವುದರಿಂದ ನೀವು ಲೆಕ್ಕ ಹಾಕುವ ಅಗತ್ಯ ಇಲ್ಲ. ಹಾರುವ ಹಕ್ಕಿ, ಓಡುವ ಪ್ರಾಣಿಗೆ ಆ ಎರಡು ಸ್ಟಾಪ್ ದೊಡ್ಡ ನಷ್ಟ. ರಾತ್ರಿ, ನಕ್ಷತ್ರಕ್ಕಂತೂ ಬೇಡವೇ ಬೇಡ.

ಸರ್ಕ್ಯುಲರ್ ಬೇಕಾ, ಲೀನಿಯರ್ ಸಾಕಾ?

ಸರ್ಕ್ಯುಲರ್ ಅಂದರೆ ದುಂಡಗಿನ ಫಿಲ್ಟರ್ ಅಂತ ತಿಳಿದವರು ಬಹಳ. ಎರಡೂ ದುಂಡಗೇ ಇರುತ್ತವೆ. ಲೀನಿಯರ್ ಫಿಲ್ಟರ್‌ನ ಹಿಂದೆ ಇನ್ನೊಂದು ಪದರ ಸೇರಿಸಿದರೆ ಅದು ಸರ್ಕ್ಯುಲರ್. ಹೊಳಪು ತಡೆಯುವ ಕೆಲಸ ಮುಂದಿನ ಪದರದ್ದು. ಹಿಂದಿನ ಪದರ, ಒಳಗೆ ಹೋಗುವ ಬೆಳಕು ಒಂದೇ ದಿಕ್ಕಿಗೆ ಕಂಪಿಸದಂತೆ ಅದನ್ನು ಸುತ್ತುವ ಅಲೆಯಾಗಿ ಮಾಡುತ್ತದೆ. ಡಿಎಸ್ಎಲ್ಆರ್‌ಗಳ ಆಟೊಫೋಕಸ್ ಮತ್ತು ಮೀಟರ್ ಅರೆಪಾರದರ್ಶಕ ಕನ್ನಡಿಯನ್ನು ನಂಬಿರುವುದರಿಂದ ಅವಕ್ಕೆ ಇದು ಬೇಕು. ಮಿರರ್‌ಲೆಸ್‌ನಲ್ಲಿ ಆ ಕನ್ನಡಿಯೇ ಇಲ್ಲ, ಲೀನಿಯರ್ ಕೂಡ ಸಾಮಾನ್ಯವಾಗಿ ನಡೆಯುತ್ತದೆ. ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಸರ್ಕ್ಯುಲರ್, ಅಂದರೆ ಸಿಪಿಎಲ್. ಅದನ್ನೇ ತಗೊಳ್ಳಿ.

ಕೈಲಿರುವುದು ಯಾವುದು ಅಂತ ಗೊತ್ತಿಲ್ಲವಾ? ಕನ್ನಡಿ ಮುಂದೆ ನಿಂತು, ಲೆನ್ಸ್‌ಗೆ ಕೂರುವ ಬದಿ ಕನ್ನಡಿಯ ಕಡೆ ಇರುವಂತೆ ಫಿಲ್ಟರನ್ನು ಒಂದು ಕಣ್ಣಿಗೆ ಹಿಡಿಯಿರಿ. ಅದರ ಮೂಲಕ ನೋಡಿದಾಗ ಕನ್ನಡಿಯಲ್ಲಿರುವ ಫಿಲ್ಟರ್ ಕಪ್ಪಾಗಿ ಕಂಡು, ಹಿಂದುಮುಂದು ಮಾಡಿ ಹಿಡಿದಾಗ ತಿಳಿಯಾದರೆ ಸರ್ಕ್ಯುಲರ್. ಎರಡೂ ಕಡೆ ತಿಳಿಯಾಗಿದ್ದರೆ ಲೀನಿಯರ್.

ಕಾರು, ಗಾಜು, ಲೋಹದ ಹೊಳಪೂ ಹೋಗುತ್ತಾ?

ಗಾಜು, ಬಣ್ಣ ಬಳಿದ ಮೈ, ಪ್ಲಾಸ್ಟಿಕ್: ಹೋಗುತ್ತದೆ, ಕೋನ ಸರಿ ಇದ್ದರೆ. ಅಂಗಡಿಯ ಗಾಜಿಗೆ ನೇರ ಎದುರು ನಿಂತರೆ ನಿಮ್ಮದೇ ಮುಖ ಕಾಣುತ್ತಿರುತ್ತದೆ, ಪಕ್ಕಕ್ಕೆ ಸರಿಯಿರಿ. ಬೋಳು ಲೋಹದಿಂದ ಚಿಮ್ಮುವ ಬೆಳಕು ಈ ರೀತಿ ಧ್ರುವೀಕರಣ ಆಗುವುದಿಲ್ಲ. ಸ್ಟೀಲ್, ಕ್ರೋಮ್‌ನ ಮಿಂಚು ಹಾಗೇ ಉಳಿಯುತ್ತದೆ.

ಕಾಮನಬಿಲ್ಲು ತೆಗೆಯುವಾಗ ಹಾಕಬಹುದಾ?

ಹಾಕಬಹುದು, ಆದರೆ ನೋಡಿಕೊಂಡು. ಕಾಮನಬಿಲ್ಲಿನ ಬೆಳಕು ಬಲವಾಗಿ ಧ್ರುವೀಕರಣ ಆಗಿರುತ್ತದೆ, ಬಿಲ್ಲು ಬಾಗಿದಂತೆ ಅದರ ದಿಕ್ಕೂ ಬಾಗುತ್ತದೆ. ಒಂದು ಕಡೆ ತಿರುಗಿಸಿದರೆ ಬಣ್ಣ ಎದ್ದು ಬರುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಬಿಲ್ಲೇ ಮಾಯ. ಪೂರ್ತಿ ಕಮಾನು ಫ್ರೇಮ್‌ನಲ್ಲಿದ್ದರೆ ನೆತ್ತಿ ಚೆನ್ನಾಗಿ ಬಂದು ಕಾಲುಗಳು ಮಸುಕಾಗಬಹುದು.

ವಿಮಾನದ ಕಿಟಕಿಯಲ್ಲಿ ಬಣ್ಣಬಣ್ಣದ ಪಟ್ಟೆ ಬಂತು. ಫಿಲ್ಟರ್ ಕೆಟ್ಟಿದೆಯಾ?

ಇಲ್ಲ. ವಿಮಾನದ ಕಿಟಕಿ ಪ್ಲಾಸ್ಟಿಕ್‌ನದು. ಅದರೊಳಗಿನ ಒತ್ತಡ ಬೆಳಕಿನ ಕಂಪನವನ್ನು ತಿರುಚುತ್ತದೆ. ಪೋಲರೈಸರ್ ಆ ತಿರುಚನ್ನು ಬಣ್ಣವಾಗಿ ತೋರಿಸುತ್ತದೆ. ಅಲ್ಲಿ ಬಿಚ್ಚಿಡಿ. ಹಾಗೇ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಕ್ಯಾಮೆರಾದ ಪರದೆ ನೋಡಿದಾಗ ಕಪ್ಪಾಗಿ ಕಂಡರೆ ಗಾಬರಿ ಬೇಡ, ಪರದೆಯ ಬೆಳಕೂ ಧ್ರುವೀಕರಣ ಆದದ್ದೇ.

ಮೊಬೈಲ್‌ನಲ್ಲಿ ಆಗುತ್ತಾ?

ಆಗುತ್ತದೆ. ಫಿಲ್ಟರನ್ನು ಕೈಯಲ್ಲಿ ಹಿಡಿದು ಲೆನ್ಸ್‌ಗೆ ಒತ್ತಿ ಇಟ್ಟುಕೊಂಡರೂ ಸಾಕು, ಪೋಲರಾಯ್ಡ್ ಕನ್ನಡಕದ ಗಾಜಾದರೂ ಸರಿ. ಕನ್ನಡಕದ ಬಣ್ಣ ಫೋಟೊಗೂ ಬರುತ್ತದೆ, ಅದನ್ನು ಆಮೇಲೆ ಸರಿಮಾಡಿಕೊಳ್ಳಬೇಕು. ತಿರುಗಿಸುವಾಗ ಮೊಬೈಲ್ ತಾನೇ ಬೆಳಕು ಏರಿಸಿ ಇಳಿಸಿ ವ್ಯತ್ಯಾಸ ಮರೆಮಾಡುತ್ತದೆ. ಎಕ್ಸ್‌ಪೋಷರ್ ಲಾಕ್ ಮಾಡಿ ತಿರುಗಿಸಿ.

ಇದನ್ನೆಲ್ಲ ಸಾಫ್ಟ್‌ವೇರ್‌ನಲ್ಲಿ ಮಾಡಬಹುದಲ್ವಾ?

ಆಕಾಶ ಗಾಢ ಮಾಡುವುದು ಸುಲಭ. ಹಸಿರು ಹೆಚ್ಚಿಸುವುದೂ ಸುಲಭ. ಆದರೆ ಹೊಳಪಿನ ಅಡಿ ಮುಚ್ಚಿಹೋದ ಕಲ್ಲು ಸೆನ್ಸರ್‌ಗೆ ತಲುಪಿಯೇ ಇಲ್ಲ. ಸಾಫ್ಟ್‌ವೇರ್ ಅಲ್ಲೊಂದು ಕಲ್ಲು ಬರೆದು ಕೊಡಬಹುದು, ಆ ಹೊಂಡದಲ್ಲಿದ್ದ ಕಲ್ಲನ್ನು ತಂದುಕೊಡಲಾರದು.

ಬೇರೆ ಬೇರೆ ಲೆನ್ಸ್‌ಗೆ ಬೇರೆ ಬೇರೆ ಫಿಲ್ಟರ್ ಕೊಳ್ಳಬೇಕಾ?

ಬೇಡ. ನಿಮ್ಮ ಲೆನ್ಸ್‌ಗಳಲ್ಲಿ ಅತಿ ದೊಡ್ಡ ಬಾಯಿಯದಕ್ಕೆ, ಉದಾಹರಣೆಗೆ 77 ಮಿಲಿಮೀಟರ್‌ಗೆ, ಒಂದು ಒಳ್ಳೆಯದನ್ನು ಕೊಂಡು ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ (ಸಣ್ಣ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ) ಹಾಕಿ. ಸಣ್ಣ ಲೆನ್ಸ್‌ಗಳ ಹುಡ್ ಆಗ ಕೂರುವುದಿಲ್ಲ, ಬಿಸಿಲು ತಾಗದಂತೆ ಕೈ ಅಡ್ಡ ಹಿಡಿಯಬೇಕಾಗುತ್ತದೆ. ಯುವಿ ಫಿಲ್ಟರ್ ಇದ್ದರೆ ತೆಗೆದು ಆಮೇಲೆ ಇದನ್ನು ಹಾಕಿ. ಒಂದರ ಮೇಲೊಂದು ಏರಿಸಿದರೆ ವೈಡ್ ಲೆನ್ಸ್‌ನ ಮೂಲೆಗಳು ಕಪ್ಪಾಗುತ್ತವೆ. ಹಾಗೇ, ಕೆಲವು ಹಳೆಯ ಲೆನ್ಸ್‌ಗಳ ಮುಂಭಾಗ ಫೋಕಸ್ ಮಾಡುವಾಗ ತಾನೂ ತಿರುಗುತ್ತದೆ. ಅಲ್ಲಿ ಮೊದಲು ಫೋಕಸ್, ಆಮೇಲೆ ಫಿಲ್ಟರ್, ಆಮೇಲೆ ಫೋಕಸ್ ಮುಟ್ಟಬಾರದು.

ಫಿಲ್ಟರ್ ಲೆನ್ಸ್‌ಗೆ ಕಚ್ಚಿಕೊಂಡಿದೆ, ಬರುತ್ತಿಲ್ಲ. ಏನು ಮಾಡಲಿ?

ಬಲ ಹಾಕಿ ಹಿಂಡಬೇಡಿ. ಹಿಂಡಿದಷ್ಟೂ ಅಂಚು ಸೊಟ್ಟಗಾಗಿ ಇನ್ನೂ ಕಚ್ಚುತ್ತದೆ. ಪೋಲರೈಸರ್‌ನಲ್ಲಿ ಇನ್ನೊಂದು ತೊಂದರೆ, ಮುಂದಿನ ರಿಂಗ್ ಹಿಡಿದರೆ ಅದು ಸುಮ್ನೆ ಸುತ್ತುತ್ತಿರುತ್ತದೆ. ಹಿಡಿಯಬೇಕಾದ್ದು ಲೆನ್ಸ್ ಪಕ್ಕದ ತೆಳು ಅಂಚನ್ನು. ಅದರ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಎಲ್ಲ ಬೆರಳುಗಳಿಂದ ಸಮವಾಗಿ ಹಗುರವಾಗಿ ಹಿಡಿದು ತಿರುಗಿಸಿ. ಆಗಲೂ ಬರದಿದ್ದರೆ ಫಿಲ್ಟರ್ ಬಿಚ್ಚಲೆಂದೇ ಇರುವ ಪ್ಲಾಸ್ಟಿಕ್ ಹಿಡಿಕೆಗಳು ಸಿಗುತ್ತವೆ, ಬೆಲೆ ಕಡಿಮೆ. ಬಿಚ್ಚಿದ ಮೇಲೆ ಅದನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಒಳಗಿನ ಹಾಳೆ ಶಾಖಕ್ಕೂ ಬಿಸಿಲಿಗೂ ವರ್ಷಗಳಲ್ಲಿ ಬಣ್ಣ ಕೆಡುತ್ತದೆ.